ವಿದ್ಯಾರ್ಥಿದತ್ತಿ: ಸ್ಥಾಪನೆಯೂ ಪಾಲನೆಯೂ

ದಾನಿಯೊಬ್ಬನು ತನ್ನ ಧನದಲ್ಲಿ ಒಂದಂಶವನ್ನು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿ, ಅದರ ಬಡ್ಡಿಯಿಂದ ವರ್ಷವರ್ಷವೂ ಯೋಗ್ಯರಾದ ವಿದ್ಯಾರ್ಥಿಗಳಿಗೆ ವೇತನವನ್ನೋ ಪದಕವನ್ನೋ ಪಾರಿತೋಷಕವನ್ನೋ ಕೊಡತಕ್ಕುದೆಂದು ಗೊತ್ತುಪಡಿಸಿದರೆ, ಅದಕ್ಕೆ ವಿದ್ಯಾರ್ಥಿದತ್ತಿಯೆಂದು ಹೆಸರು. ಘಟಿಕೋತ್ಸವದ ದಿನ ಸಭೆಯಲ್ಲಿ ಓದಲ್ಪಡುವ ಪದಕಗಳ ಪಟ್ಟಿಯನ್ನು ಕೇಳಿದವರಿಗೆ ಇಂಥ ದತ್ತಿಗಳು ಎಷ್ಟೊಂದು ಉಂಟೆಂಬುದು ವಿದಿತವೇ ಆಗಿದೆ. ಆದರೆ ಆ ಪಟ್ಟಿಯಲ್ಲಿ ಹೆಸರು ಮಾತ್ರ ಉಳಿದು ಪ್ರಯೋಜನವು ನಶಿಸಿದವೂ ಉಂಟು. ಹಿಂದೆ ಒಂದು ವರ್ಷದ ಪುಸ್ತಕಗಳಿಗೆ ಸಾಕಾಗುತ್ತಿದ್ದ ಹಣವು ಇಂದು ಒಂದು ಪುಸ್ತಕಕ್ಕೂ ಸಾಲದೆ ಹೋಗಿರುವುದುಂಟು. ಯಾವ ಪತ್ರಿಕೆಯಲ್ಲಿ ಪ್ರಥಮನಾದವನಿಗೆಂದು ಪದಕವನ್ನು ಇಟ್ಟಿದ್ದರೋ ಆ ಪತ್ರಿಕೆಯೇ ಪಠ್ಯಕ್ರಮದಿಂದ ಬಿಟ್ಟುಹೋಗಿರುವುದೂ ಉಂಟು. ದಾನಿಯ ಔದಾರ್ಯಕ್ಕಾಗಲಿ ವಿದ್ಯಾಸಂಸ್ಥೆಯ ಸದುದ್ದೇಶಕ್ಕಾಗಲಿ ಇಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಸ್ಥಾಪನೆಯ ಕಾಲದಲ್ಲಿ ಬರೆಯಬೇಕಾದುದನ್ನು ಬರೆಯದೆ ಬಿಟ್ಟುದರಲ್ಲಿ. ಆದಕಾರಣ ದತ್ತಿಯೆಂಬುದರ ಸ್ವರೂಪವೇನು, ಅದನ್ನು ಸ್ಥಾಪಿಸತಕ್ಕ ಕ್ರಮವೇನು, ಕಾಲವು ಬದಲಾದಾಗ ಅದನ್ನು ಪಾಲಿಸುವ ಬಗೆಯೇನು ಎಂಬ ಮೂರು ವಿಷಯಗಳು ವಿಚಾರಾರ್ಹವಾಗಿವೆ.

೧. ದತ್ತಿಯ ಸ್ವರೂಪ

ಧರ್ಮಶಾಸ್ತ್ರದ ನಿಬಂಧಕಾರರು ದಾನವನ್ನು ಲಕ್ಷಣೀಕರಿಸುವಾಗ, ಒಂದು ವಸ್ತುವಿನಲ್ಲಿ ತನಗಿರುವ ಸ್ವತ್ವವನ್ನು ಬಿಟ್ಟು ಇನ್ನೊಬ್ಬನಿಗೆ ಸ್ವತ್ವವನ್ನು ಉಂಟುಮಾಡುವುದೇ ದಾನವೆಂದು ಹೇಳುತ್ತಾರೆ. ದಾತೃ, ಪ್ರತಿಗ್ರಹೀತೃ, ಶ್ರದ್ಧೆ, ಧರ್ಮ್ಯವಾದ ದೇಯವಸ್ತು, ದೇಶ, ಕಾಲ ಎಂದು ದೇವಲನು ದಾನಕ್ಕೆ ಆರು ಅಂಗಗಳನ್ನು ಎಣಿಸಿರುವನು. ಗೋದಾನವೇ ಮೊದಲಾದವುಗಳಲ್ಲಿ ಪ್ರತಿಗ್ರಹೀತೃವು ಎದುರಿಗೆ ನಿಂತಿರುತ್ತಾನೆ. ಕೆರೆ ಬಾವಿ ಅರವಟಿಗೆಗಳಲ್ಲಾದರೋ ಹಾಗಿಲ್ಲ; ಅಲ್ಲಿ ನೀರನ್ನು ಕುಡಿಯುವವನು ಇನ್ನೂ ಹುಟ್ಟದಿದ್ದವನೂ ಆಗಿರಬಹುದು. ಇಂತಹ ಸರ್ವೋಪಯೋಗಿಯಾದ ತ್ಯಾಗವನ್ನು ಶಾಸ್ತ್ರವು ಉತ್ಸರ್ಗವೆಂದು ಬೇರೆಯಾಗಿ ಹೆಸರಿಸಿ, ಪೂರ್ತಧರ್ಮದಲ್ಲಿ ಸೇರಿಸಿದೆ.

ವಿದ್ಯಾರ್ಥಿದತ್ತಿಯು ಇವೆರಡರ ನಡುವಣದು. ಮೂಲಧನವನ್ನು ಪಡೆಯುವ ವಿಶ್ವವಿದ್ಯಾನಿಲಯವು ಪ್ರತಿಗ್ರಹೀತೃವಿನಂತೆ ಕಾಣಿಸಿದರೂ ಅದು ಫಲವನ್ನು ಅನುಭವಿಸುವುದಿಲ್ಲ. ಫಲವನ್ನು ಅನುಭವಿಸುವ ವಿದ್ಯಾರ್ಥಿಯು ಯಾರೆಂಬುದು ದಾನಕಾಲದಲ್ಲಿ ತಿಳಿದಿರುವುದಿಲ್ಲ. ಆದುದರಿಂದ ಇಲ್ಲಿ ಸಂಸ್ಥೆಯು ಒಡೆಯನಲ್ಲ, ಪಾಲಕನು. ಈ ಭೇದವನ್ನು ಮರೆತಲ್ಲಿ ದತ್ತಿಯ ಹಣವು ಸಂಸ್ಥೆಯ ಸಾಮಾನ್ಯ ಖರ್ಚಿನೊಡನೆ ಬೆರೆತುಹೋಗುವುದು. ದಾನಿಯು ಇದನ್ನು ಮರೆತಲ್ಲಿ ಕೊಟ್ಟ ಮೇಲೆಯೂ ತನ್ನದೇ ಹಣವೆಂಬಂತೆ ಪ್ರತಿವರ್ಷದ ಆಯ್ಕೆಯಲ್ಲಿ ಕೈಹಾಕುವನು. ಎರಡೂ ದತ್ತಿಗೆ ಹಾನಿಯೇ.

೨. ಶಾಸನಗಳ ಸಾಕ್ಷ್ಯ

ಮೂಲಧನವನ್ನು ಮುಟ್ಟದೆ ಬಡ್ಡಿಯನ್ನು ಮಾತ್ರ ವಿನಿಯೋಗಿಸುವ ಏರ್ಪಾಡನ್ನು ನಮ್ಮವರು ಆಂಗ್ಲೇಯರಿಂದ ಕಲಿತುದೆಂದು ತಿಳಿಯಲಾಗದು. ಇದಕ್ಕೆ ಅಕ್ಷಯನೀವಿಯೆಂಬ ಪ್ರಾಚೀನವಾದ ಹೆಸರೇ ಉಂಟು. ಕ್ಷಹರಾತ ನಹಪಾನನ ಅಳಿಯನಾದ ಉಷವದಾತನು ನಾಸಿಕದ ಗುಹೆಯಲ್ಲಿ ಬರೆಯಿಸಿರುವ ಪ್ರಾಕೃತ ಶಾಸನವು ಇದಕ್ಕೆ ಉತ್ತಮ ನಿದರ್ಶನ. ಅವನು ೩೦೦೦ ಕಾರ್ಷಾಪಣಗಳನ್ನು ಗೋವರ್ಧನದ ನೇಕಾರರ ಶ್ರೇಣಿಗಳಲ್ಲಿ ಇರಿಸಿದನು. ಅವುಗಳಲ್ಲಿ ೨೦೦೦ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ, ೧೦೦೦ಕ್ಕೆ ನೂರಕ್ಕೆ ಮುಕ್ಕಾಲರಂತೆ ಬಡ್ಡಿ. ಗುಹೆಯಲ್ಲಿ ಮಳೆಗಾಲವನ್ನು ಕಳೆಯುವ ೨೦ ಮಂದಿ ಭಿಕ್ಷುಗಳಿಗೆ ತಲೆಗೆ ೧೨ ಕಾರ್ಷಾಪಣಗಳಂತೆ ವಸ್ತ್ರದ ವೆಚ್ಚವೆಂದು ಗೊತ್ತುಮಾಡಿದನು. ಲೆಕ್ಕವನ್ನು ನೋಡಿದರೆ ೨೦೦೦ದ ವಾರ್ಷಿಕ ಬಡ್ಡಿ ೨೪೦. ೨೦ ಮಂದಿಗೆ ೧೨ರಂತೆ ಆಗುವ ವೆಚ್ಚವೂ ೨೪೦. ಮೊದಲು ವೆಚ್ಚವನ್ನು ನಿರ್ಣಯಿಸಿ ಅನಂತರ ಅದಕ್ಕೆ ತಕ್ಕ ಮೂಲಧನವನ್ನು ಇರಿಸಿದ್ದಾನೆಂಬುದು ಸ್ಪಷ್ಟ. ಈ ಮೂಲಧನವನ್ನು ಹಿಂದಿರುಗಿಸತಕ್ಕುದಲ್ಲ, ಬಡ್ಡಿಯನ್ನು ಮಾತ್ರ ಅನುಭವಿಸತಕ್ಕುದು ಎಂದೂ, ಇದೆಲ್ಲವನ್ನೂ ನಿಗಮಸಭೆಯಲ್ಲಿ ಸಾರಿ ಫಲಕದಲ್ಲಿ ಬರೆಯಿಸಿದೆಯೆಂದೂ ಶಾಸನವು ಹೇಳುತ್ತದೆ. ನಿಶ್ಚಿತವಾದ ಉದ್ದೇಶ, ಅದಕ್ಕೆ ಸಾಲುವ ಮೂಲಧನ, ಅದನ್ನು ಮುಟ್ಟದಿರುವ ನಿಯಮ, ಸಭೆಯ ಅಂಗೀಕಾರ, ಲಿಖಿತ ದಾಖಲೆ ಎಂಬ ಐದು ಅಂಗಗಳೂ ಇಲ್ಲಿ ಕೂಡಿವೆ.

ಕನ್ನಡ ನಾಡಿನ ವಿದ್ಯಾದತ್ತಿಗಳಲ್ಲಿ ಸಾಲೋಟಗಿಯ ಶಾಸನವು ಪ್ರಸಿದ್ಧವಾದುದು. ಇಂದಿನ ವಿಜಯಪುರ ಜಿಲ್ಲೆಯ ಇಂಡಿಯ ಸಮೀಪದ ಈ ಊರಿಗೆ ಆಗ ಪಾವಿಟ್ಟಗೆಯೆಂದು ಹೆಸರು. ಕ್ರಿ. ಶ. ೯೪೫ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಇಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ೫೦೦ ನಿವರ್ತನ ಭೂಮಿ, ೨೭ ವಾಸಗೃಹಗಳು, ದೀಪಕ್ಕೆಂದು ೧೨ ನಿವರ್ತನ, ಉಪಾಧ್ಯಾಯನಿಗೆಂದು ೫೦ ನಿವರ್ತನ ಹೀಗೆ ಪ್ರತ್ಯೇಕಪ್ರತ್ಯೇಕವಾಗಿ ಬಿಟ್ಟುಕೊಡಲಾಯಿತು. ಇಷ್ಟೇ ಅಲ್ಲದೆ ಊರಿನವರು ಮದುವೆಗೆ ೫, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರ ಕಾಲುಭಾಗ ನಾಣ್ಯಗಳನ್ನು ಶಾಲೆಗೆ ಸಲ್ಲಿಸತಕ್ಕುದೆಂದು ಕಟ್ಟುಮಾಡಿದರು. ಒಬ್ಬನ ದತ್ತಿಯು ಊರಿನವರೆಲ್ಲರ ಚಿಕ್ಕ ಚಿಕ್ಕ ಕಾಣಿಕೆಗಳಿಂದ ಬೆಳೆಯುವಂತೆ ಏರ್ಪಡಿಸಿದ ಈ ಕ್ರಮವು ಮನನಯೋಗ್ಯವಾದುದು. ದೀಪದ ಎಣ್ಣೆಗೂ ಬೇರೆಯಾಗಿ ಭೂಮಿಯನ್ನು ಬಿಟ್ಟವರು, ವಿದ್ಯಾರ್ಥಿಗೆ ವಸ್ತುತಃ ಬೇಕಾದುದೇನೆಂಬುದನ್ನು ವಿಚಾರಿಸಿ ಕೊಟ್ಟವರು.

ಇಂದಿನ ಕಲಬುರಗಿ ಜಿಲ್ಲೆಗೆ ಸೇರಿದ ನಾಗಾವಿಯ ಘಟಿಕಾಸ್ಥಾನದ ಕ್ರಿ. ಶ. ೧೦೫೮ರ ಶಾಸನದಲ್ಲಿ ೨೦೦ ಮಂದಿ ವೇದವಿದ್ಯಾರ್ಥಿಗಳೂ ೫೨ ಮಂದಿ ಶಾಸ್ತ್ರವಿದ್ಯಾರ್ಥಿಗಳೂ ಅವರ ಉಪಾಧ್ಯಾಯರೂ ಆರು ಮಂದಿ ಸರಸ್ವತೀಭಂಡಾರಿಗರೂ ಎಣಿಸಲ್ಪಟ್ಟಿರುವರು. ಚಾಲುಕ್ಯ ಮೊದಲನೆಯ ಸೋಮೇಶ್ವರನ ದಂಡನಾಯಕ ಮಧುಸೂದನನ ಈ ದತ್ತಿಯಲ್ಲಿ ಪುಸ್ತಕಗಳನ್ನು ಕಾಯುವವರಿಗೂ ಪಾಲಿರುವುದು ವಿಶೇಷ.

ರಾಜೇಂದ್ರಚೋಳನ ಕಾಲದ ಎಣ್ಣಾಯಿರದ ತಮಿಳು ಶಾಸನವು ಇನ್ನೊಂದು ಪಾಠವನ್ನು ಕಲಿಸುತ್ತದೆ. ಅಲ್ಲಿ ೨೭೦ ಮಂದಿ ಕಿರಿಯ ವಿದ್ಯಾರ್ಥಿಗಳಿಗೆ ದಿನಕ್ಕೆ ೬ ನಾಳಿ ಭತ್ತ. ೭೦ ಮಂದಿ ಹಿರಿಯರಿಗೆ ೧ ಕುಱುಣಿ ೨ ನಾಳಿ, ಎಂದರೆ ೧೦ ನಾಳಿ. ವೇತನವನ್ನು ಹಣದಲ್ಲಿ ಹೇಳದೆ ಧಾನ್ಯದಲ್ಲಿ ಹೇಳಿರುವುದರಿಂದ ಬೆಲೆ ಏರಿದರೂ ಇಳಿದರೂ ವಿದ್ಯಾರ್ಥಿಯ ಅನ್ನಕ್ಕೆ ಊನವಿಲ್ಲ. ಹಣದಲ್ಲಿ ನಿಗದಿಯಾದ ಇಂದಿನ ಬಹುಮಾನಗಳಿಗೆ ಈ ರಕ್ಷೆಯಿಲ್ಲ. ಅದನ್ನು ಬೇರೆ ವಿಧದಿಂದ ಸಂಪಾದಿಸಬೇಕಾಗಿದೆ.

೩. ಪ್ರೇಮಚಂದ ರಾಯಚಂದ ವಿದ್ಯಾರ್ಥಿವೇತನ

ನವೀನ ವಿಶ್ವವಿದ್ಯಾನಿಲಯಗಳು ಕಲ್ಕತ್ತೆ, ಬೊಂಬಾಯಿ, ಮದರಾಸುಗಳಲ್ಲಿ ೧೮೫೭ರಲ್ಲಿ ಸ್ಥಾಪಿತವಾದುವು. ಇವುಗಳಿಗೆ ಸಂದ ದತ್ತಿಗಳಲ್ಲಿ ಪ್ರೇಮಚಂದ ರಾಯಚಂದನದು ಮುಖ್ಯವಾದುದು. ಈತನು ಹತ್ತಿಯ ವ್ಯಾಪಾರದಿಂದ ಅಪಾರವಾದ ಧನವನ್ನು ಗಳಿಸಿದ ಬೊಂಬಾಯಿಯ ವರ್ತಕ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬಾರದೆ ನಮ್ಮ ಹತ್ತಿಗೆ ಬೆಲೆ ಏರಿತು. ೧೮೬೫ರಲ್ಲಿ ಯುದ್ಧವು ಮುಗಿದೊಡನೆ ಬೊಂಬಾಯಿಯ ವರ್ತಕರ ಐಶ್ವರ್ಯವು ಕುಸಿಯಿತು. ಪ್ರೇಮಚಂದನೂ ಆ ಕುಸಿತಕ್ಕೆ ಸಿಕ್ಕಿದನು. ಆದರೆ ಅವನು ಬೊಂಬಾಯಿ ವಿಶ್ವವಿದ್ಯಾನಿಲಯಕ್ಕೆ ಕೊಟ್ಟ ಧನದಿಂದ ಪುಸ್ತಕಾಲಯವೂ, ಅವನ ತಾಯಿಯ ಹೆಸರಿನ ರಾಜಾಬಾಯಿ ಗೋಪುರವೂ ಎದ್ದುವು. ಕಲ್ಕತ್ತೆಯ ವಿಶ್ವವಿದ್ಯಾನಿಲಯಕ್ಕೆ ೧೮೬೬ರಲ್ಲಿ ಕೊಟ್ಟ ಎರಡು ಲಕ್ಷ ರೂಪಾಯಿಗಳಿಂದ ಅವನ ಹೆಸರಿನ ವಿದ್ಯಾರ್ಥಿವೇತನವು ಉಂಟಾಯಿತು. ವರ್ತಕನ ಸಂಪತ್ತು ಚಂಚಲವಾಯಿತು. ಅವನ ಸ್ವತ್ವದಿಂದ ಬಿಡುಗಡೆಯಾಗಿ ವಿದ್ಯೆಯ ಪಾಲಾದುದು ಸ್ಥಿರವಾಗಿ ನಿಂತಿತು. ದತ್ತಿಯ ಮೂಲಧನವು ದಾನಿಯ ವ್ಯವಹಾರದಿಂದ ಪೂರ್ಣವಾಗಿ ಬೇರ್ಪಟ್ಟಿರಬೇಕೆಂಬ ನಿಯಮಕ್ಕೆ ಇದಕ್ಕಿಂತ ಸ್ಫುಟವಾದ ಉದಾಹರಣೆ ಬೇಕಿಲ್ಲ. ವರ್ಷವರ್ಷವೂ ಕಳುಹಿಸುವೆನೆಂಬ ವಾಗ್ದಾನವು ದತ್ತಿಯಲ್ಲ.

ವಿನಿಯೋಗದ ವಿವರಗಳನ್ನು ಈ ದಾನಿಯು ವಿಶ್ವವಿದ್ಯಾನಿಲಯದ ವಿವೇಚನೆಗೆ ಬಿಟ್ಟನು. ವಿಶ್ವವಿದ್ಯಾನಿಲಯವಾದರೋ ಧನವನ್ನು ನೂರಾರು ಚಿಕ್ಕ ಬಹುಮಾನಗಳಾಗಿ ಒಡೆಯದೆ, ಉತ್ತಮ ಪದವೀಧರರಲ್ಲಿ ಕೆಲವರಿಗೆ ಮಾತ್ರ ಸಲ್ಲುವ ದೊಡ್ಡ ವೇತನವನ್ನಾಗಿ ಮಾಡಿತು. ಮೊದಲಲ್ಲಿ ಇದು ಕಠಿನವಾದ ಪರೀಕ್ಷೆಯಿಂದ ನಿರ್ಣಯವಾಗುತ್ತಿದ್ದಿತು. ಮುಂದೆ ಸಂಶೋಧನ ಪ್ರಬಂಧಕ್ಕೆ ಪ್ರಾಶಸ್ತ್ಯವು ಬಂದಿತು. ಆಶುತೋಷ ಮುಖರ್ಜಿಯವರು ೧೮೮೬ರಲ್ಲಿಯೂ ಜದುನಾಥ ಸರಕಾರರು ೧೮೯೭ರಲ್ಲಿಯೂ ಇದನ್ನು ಪಡೆದರು. ಇತಿಹಾಸಕಾರರಾದ ರಮೇಶಚಂದ್ರ ಮಜುಂದಾರರೂ ಪಡೆದವರೇ. ಔರಂಗಜೇಬನ ಕಾಲದ ಭಾರತವನ್ನು ಕುರಿತು ೧೯೦೧ರಲ್ಲಿ ಹೊರಬಂದ ಸರಕಾರರ ಮೊದಲ ಗ್ರಂಥವು ಈ ವೇತನದ ನೆರಳಿನಲ್ಲಿ ಬೆಳೆದ ಫಲ. ವಿದ್ಯಾರ್ಥಿಗೆ ಕೆಲವು ವರ್ಷಗಳ ನಿಶ್ಚಿಂತೆಯನ್ನು ಕೊಡುವ ದತ್ತಿಯಿಂದ ಗ್ರಂಥವು ಹುಟ್ಟುವುದು. ಒಂದು ದಿನದ ಚಪ್ಪಾಳೆಯನ್ನು ಮಾತ್ರ ಕೊಡುವ ದತ್ತಿಯಿಂದ ಅದನ್ನು ನಿರೀಕ್ಷಿಸಲಾಗದು. ಹಾಗೆಂದು ಚಿಕ್ಕ ಪಾರಿತೋಷಕಗಳು ನಿಷ್ಪ್ರಯೋಜಕವೆಂದಲ್ಲ. ತನ್ನಿಂದ ಸಾಧ್ಯವಾಗತಕ್ಕುದು ಯಾವುದೆಂಬುದನ್ನು ದಾನಿಯು ಅರಿತು ಉದ್ದೇಶವನ್ನು ಆರಿಸಿಕೊಳ್ಳಬೇಕೆಂದು ತಾತ್ಪರ್ಯ.

೪. ದಾನಿಯ ಅಭಿಪ್ರಾಯವೂ ಕಾಲದ ಗತಿಯೂ

ದಾನಿಯ ಅಭಿಪ್ರಾಯವು ಎಲ್ಲಿಯವರೆಗೆ ಪಾಲನೀಯ ಎಂಬುದು ಬಹಳ ಸೂಕ್ಷ್ಮವಾದ ಪ್ರಶ್ನೆ. ಈ ವಿಚಾರದಲ್ಲಿ ಸಂಸ್ಕೃತಾಭ್ಯಾಸಿಗಳು ಮರೆಯಬಾರದ ದತ್ತಿಯೊಂದು ಆಕ್ಸ್‌ಫರ್ಡಿನಲ್ಲಿ ಉಂಟು. ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಸೈನ್ಯದಲ್ಲಿದ್ದ ಜೋಸೆಫ್ ಬೋಡನ್ ಎಂಬವನು ೧೮೧೧ರಲ್ಲಿ ಮೃತನಾದನು. ಅವನ ಮರಣಶಾಸನದ ಮೇರೆಗೆ ಸಂಸ್ಕೃತಪೀಠವೂ ವಿದ್ಯಾರ್ಥಿವೇತನವೂ ಏರ್ಪಟ್ಟು, ೧೮೩೨ರಲ್ಲಿ ವಿಲ್ಸನ್ ಪಂಡಿತನು ಮೊದಲ ಪ್ರಾಧ್ಯಾಪಕನಾದನು. ಸಂಸ್ಕೃತಜ್ಞಾನದ ಮೂಲಕ ಭಾರತೀಯರನ್ನು ಕ್ರೈಸ್ತಮತಕ್ಕೆ ತರಲು ಅನುಕೂಲವಾಗಲೆಂಬುದೇ ಬೋಡನನ ಉದ್ದೇಶ. ೧೮೬೦ರ ಚುನಾವಣೆಯಲ್ಲಿ ಮೋನಿಯರ್ ವಿಲಿಯಮ್ಸನಿಗೆ ೮೩೩, ಮ್ಯಾಕ್ಸ್ ಮುಲ್ಲರನಿಗೆ ೬೧೦ ಮತಗಳು ಬಂದುವು. ಪಾಂಡಿತ್ಯದೊಡನೆ ದಾನಿಯ ಉದ್ದೇಶಕ್ಕೆ ಯಾರು ಹೆಚ್ಚು ಒಪ್ಪುವರೆಂಬುದೂ ಅಲ್ಲಿ ಚರ್ಚೆಗೆ ಬಂದಿದ್ದಿತು. ೧೮೮೨ರ ನಿಯಮಗಳಲ್ಲಿ ಮತಪ್ರಚಾರದ ಆ ಉದ್ದೇಶವು ಬಿಟ್ಟುಹೋಯಿತು. ಪೀಠವು ಮಾತ್ರ ಉಳಿಯಿತು. ಅದರಿಂದ ಸಂಸ್ಕೃತಕ್ಕೆ ಉಪಕಾರವೂ ಆಯಿತು.

ಸೆಸಿಲ್ ರೋಡ್ಸನು ೧೯೦೨ರಲ್ಲಿ ಮೃತನಾದಾಗ ಅವನ ಮರಣಶಾಸನದಿಂದ ಉಂಟಾದ ವಿದ್ಯಾರ್ಥಿವೇತನವು ಪುರುಷರಿಗೆ ಮಾತ್ರ ಸಲ್ಲತಕ್ಕುದಾಗಿದ್ದಿತು. ಬ್ರಿಟನ್ನಿನಲ್ಲಿ ೧೯೭೫ರ ಶಾಸನವು ಬಂದ ಮೇಲೆ ಆ ನಿಬಂಧನೆಯನ್ನು ತಿದ್ದಲಾಗಿ, ೧೯೭೭ರಲ್ಲಿ ಮೊದಲ ವಿದ್ಯಾರ್ಥಿನಿಯರು ಅದನ್ನು ಪಡೆದರು. ನಮ್ಮಲ್ಲಿಯೂ ಹಳೆಯ ದತ್ತಿಗಳ ನಿಬಂಧನೆಗಳನ್ನು, ಹಾಗೆಯೇ ಹೊಸದಾಗಿ ಬರುವವನ್ನು, ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ಸಮಾನತೆಯ ತತ್ತ್ವಕ್ಕೆ ಹೊಂದಿಸಿ ನೋಡಬೇಕಾದುದು ವಿಶ್ವವಿದ್ಯಾನಿಲಯಗಳ ಕರ್ತವ್ಯ.

ಹಾಗಾದರೆ ಬದಲಾಯಿಸಬಹುದಾದುದು ಯಾವುದು, ಬದಲಾಯಿಸಬಾರದುದು ಯಾವುದು? ಇದಕ್ಕೆ ಮೀಮಾಂಸಾದರ್ಶನದ ಪ್ರತಿನಿಧಿ ವಿಚಾರವು ಒಳ್ಳೆಯ ಬೆಳಕನ್ನು ಕೊಡುತ್ತದೆ. ಜೈಮಿನಿಯು ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ, ಯಾಗಕ್ಕೆ ವಿಹಿತವಾದ ದ್ರವ್ಯವು ದೊರೆಯದಿದ್ದರೆ ಕರ್ಮವನ್ನು ಬಿಡಬೇಕೋ, ಬದಲಿನ ದ್ರವ್ಯದಿಂದ ನಡೆಸಬೇಕೋ ಎಂದು ವಿಚಾರಿಸಿರುವನು. ವ್ರೀಹಿ ಸಿಕ್ಕದಿದ್ದರೆ ಅದನ್ನು ಹೋಲುವ ನೀವಾರದಿಂದ ನಡೆಸಬಹುದು. ಮನಸ್ಸಿಗೆ ಬಂದ ಯಾವುದೋ ಧಾನ್ಯದಿಂದಲ್ಲ, ಸದೃಶವಾದುದರಿಂದಲೇ. ಆದರೆ ದೇವತೆ, ಅಗ್ನಿ, ಮಂತ್ರ, ಕ್ರಿಯೆ ಇವುಗಳಿಗೆ ಪ್ರತಿನಿಧಿಯಿಲ್ಲ. ದತ್ತಿಯಲ್ಲಿ ಪ್ರಶ್ನಪತ್ರಿಕೆಯ ಹೆಸರು, ಪರೀಕ್ಷೆಯ ಪದ್ಧತಿ, ಬಹುಮಾನದ ರೂಪ ಇವೆಲ್ಲ ದ್ರವ್ಯಸ್ಥಾನೀಯ. ಯಾವ ವಿದ್ಯೆಯನ್ನು ಉದ್ದೇಶಿಸಿ ಹಣವನ್ನು ಬಿಟ್ಟರೋ ಆ ವಿದ್ಯೆಯು ದೇವತಾಸ್ಥಾನೀಯ. ಹಳಗನ್ನಡ ವ್ಯಾಕರಣದ ಪತ್ರಿಕೆಯು ನಿಂತುಹೋದರೆ, ವ್ಯಾಕರಣಭಾಗವು ಯಾವ ಹೊಸ ಪತ್ರಿಕೆಯಲ್ಲಿ ಸೇರಿದೆಯೋ ಅದಕ್ಕೆ ಆ ಪದಕವನ್ನು ಸಲ್ಲಿಸುವುದು ನೀವಾರನ್ಯಾಯ. ಅದನ್ನು ಒಟ್ಟು ಅಂಕಗಳಲ್ಲಿ ಪ್ರಥಮನಾದವನಿಗೆ ಕೊಟ್ಟುಬಿಡುವುದು ದೇವತೆಯನ್ನೇ ಬದಲಾಯಿಸಿದಂತೆ.

ಬೊಂಬಾಯಿಯ ಜಗನ್ನಾಥ ಶಂಕರಶೇಟ ಸಂಸ್ಕೃತ ವಿದ್ಯಾರ್ಥಿವೇತನದಲ್ಲಿ ಈ ನ್ಯಾಯವು ಸರಿಯಾಗಿ ನಡೆದಿದೆ. ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಸಂಸ್ಕೃತಕ್ಕೆ ಪ್ರಥಮರಾದವರಿಗೆ ಇದು ಸಲ್ಲುತ್ತಿದ್ದಿತು. ೧೯೧೨ರಲ್ಲಿ ಚಿಂತಾಮಣರಾವ್ ದೇಶಮುಖರು ಇದನ್ನು ಪಡೆದರು. ಧಾರವಾಡ ಬೆಳಗಾವಿಗಳ ವಿದ್ಯಾರ್ಥಿಗಳೂ ಆಗ ಆ ವಿಶ್ವವಿದ್ಯಾನಿಲಯದ ಪರೀಕ್ಷೆಗೇ ಕುಳಿತುಕೊಳ್ಳುತ್ತಿದ್ದವರು. ಮುಂದೆ ಆ ಪರೀಕ್ಷೆಯು ಹೋಗಿ ಪ್ರೌಢಶಾಲಾಂತ್ಯ ಪರೀಕ್ಷೆಯು ಬಂದಾಗ ವೇತನವು ಅದಕ್ಕೆ ಹೊಂದಿಕೊಂಡಿತು. ಪರೀಕ್ಷೆಯು ಬೇರೆಯಾಯಿತು, ಸಂಸ್ಕೃತವು ಬೇರೆಯಾಗಲಿಲ್ಲ.

ವ್ಯವಹಾರಶಾಸ್ತ್ರವೂ ಇದನ್ನೇ ಹೇಳುತ್ತದೆ. ಸಾರ್ವಜನಿಕ ಧರ್ಮನಿಧಿಯೊಂದರ ಮೂಲೋದ್ದೇಶವು ಅಸಾಧ್ಯವಾದರೆ, ಅದಕ್ಕೆ ಆದಷ್ಟು ಸಮೀಪವಾದ ಉದ್ದೇಶಕ್ಕೆ ಅದನ್ನು ತಿರುಗಿಸಬಹುದೆಂಬುದು ನ್ಯಾಯಾಲಯಗಳ ಸಂಪ್ರದಾಯ. ೧೯೦೮ರ ಸಿವಿಲ್ ವ್ಯವಹಾರಸಂಹಿತೆಯ ೯೨ನೆಯ ಪ್ರಕರಣವು ಇಂತಹ ನಿಧಿಗಳ ವ್ಯವಸ್ಥೆಗೆ ಸಂಬಂಧಿಸಿದುದು. ೧೯೭೬ರ ತಿದ್ದುಪಡಿಯು ಉದ್ದೇಶವನ್ನು ಯಾವ ಸಂದರ್ಭಗಳಲ್ಲಿ ಮಾರ್ಪಡಿಸಬಹುದೆಂಬುದನ್ನು ಅದರಲ್ಲಿಯೇ ವಿವರಿಸಿದೆ. ಆದರೆ ಒಂದು ಪದಕಕ್ಕಾಗಿ ನ್ಯಾಯಾಲಯದ ಮೆಟ್ಟಿಲನ್ನು ಹತ್ತುವವರು ವಿರಳ. ಆದಕಾರಣ ಬದಲಾವಣೆಯ ಮಾರ್ಗವನ್ನು ದತ್ತಿಪತ್ರದಲ್ಲಿಯೇ ಬರೆದಿಡುವುದು ಶ್ರೇಯಸ್ಕರ.

೫. ದತ್ತಿಪತ್ರದಲ್ಲಿ ಬರೆಯತಕ್ಕ ವಿಷಯಗಳು

ಯಾಜ್ಞವಲ್ಕ್ಯನು ಆಚಾರಾಧ್ಯಾಯದಲ್ಲಿ, ರಾಜನು ಭೂಮಿಯನ್ನಾಗಲಿ ನಿಬಂಧವನ್ನಾಗಲಿ ಕೊಟ್ಟಾಗ ಮುಂದಿನ ಅರಸರ ಅರಿವಿಗಾಗಿ ಲೇಖ್ಯವನ್ನು ಮಾಡಿಸತಕ್ಕುದೆಂದು ವಿಧಿಸಿ, ದಾನಿಯ ವಂಶ, ದಾನದ ಪರಿಮಾಣ, ಎಲ್ಲೆಯ ವಿವರ, ಹಸ್ತಾಕ್ಷರ, ಕಾಲ ಇವೆಲ್ಲ ಅದರಲ್ಲಿರಬೇಕೆಂದಿರುವನು. ಮುಂದಿನವರ ಅರಿವಿಗಾಗಿ ಎಂಬ ಮಾತೇ ಇಲ್ಲಿ ಮುಖ್ಯ. ದಾನಿಗೂ ಇಂದಿನ ಅಧಿಕಾರಿಗೂ ಎಲ್ಲವೂ ತಿಳಿದೇ ಇರುವುದು. ಪತ್ರವು ಬೇಕಾಗಿರುವುದು ಇಬ್ಬರನ್ನೂ ಕಾಣದವರಿಗೆ.

ಸಾಮಾನ್ಯವಾಗಿ ದಾನಿಯು ಕುಲಸಚಿವರಿಗೆ ಪತ್ರವನ್ನು ಬರೆದು ಇಚ್ಛೆಯನ್ನು ತಿಳಿಸುವನು. ಸಂಬಂಧಪಟ್ಟ ವಿಭಾಗವೂ ವಿತ್ತಾಧಿಕಾರಿಯೂ ಅದನ್ನು ಪರಿಶೀಲಿಸಿದ ಮೇಲೆ ಸಿಂಡಿಕೇಟು ಅಂಗೀಕರಿಸುವುದು. ಮೂಲಧನವು ಪ್ರತ್ಯೇಕ ಠೇವಣಿಯಾಗಿ ಸಲ್ಲುವುದು. ನಿಗಮಸಭೆಯಲ್ಲಿ ಸಾರಿ ಫಲಕದಲ್ಲಿ ಬರೆದ ನಾಸಿಕದ ಕ್ರಮಕ್ಕೂ ಇದಕ್ಕೂ ತತ್ತ್ವತಃ ಭೇದವಿಲ್ಲ. ಅಂಗೀಕಾರಕ್ಕೆ ಮೊದಲು ಈ ಕೆಳಗಣ ವಿಷಯಗಳು ನಿರ್ಣಯವಾಗಿರಬೇಕು.

ಮೊದಲನೆಯದು ಉದ್ದೇಶ. ದಾನಿಯು ಯಾವ ವಿದ್ಯೆಯನ್ನು ಪೋಷಿಸಬಯಸುವನು, ಅದೇಕೆ ಎಂಬುದನ್ನು ಎರಡು ಮೂರು ವಾಕ್ಯಗಳಲ್ಲಿ ಬರೆಯಬೇಕು. ಪತ್ರಿಕೆಯ ಹೆಸರನ್ನು ಮಾತ್ರ ಬರೆದು ಕಾರಣವನ್ನು ಬರೆಯದಿದ್ದರೆ, ಮುಂದೆ ಪ್ರತಿನಿಧಿಯನ್ನು ಹುಡುಕುವವನಿಗೆ ಸಾದೃಶ್ಯವನ್ನು ಅಳೆಯುವ ಅಳತೆಗೋಲೇ ಇಲ್ಲವಾಗುವುದು.

ಎರಡನೆಯದು ಅರ್ಹತೆ. ಅತ್ಯಧಿಕ ಅಂಕಗಳೇ ಎಲ್ಲ ದತ್ತಿಗಳಿಗೂ ಲಕ್ಷಣವಾದರೆ, ಒಬ್ಬರೇ ಹತ್ತಾರು ಪದಕಗಳನ್ನು ಪಡೆಯುವರು. ಎರಡನೆಯವರಿಗೆ ಒಂದೂ ಉಳಿಯದು. ಇದರಿಂದ ಹತ್ತು ಮಂದಿ ದಾನಿಗಳ ಧನವು ಒಂದೇ ದತ್ತಿಯ ಕೆಲಸವನ್ನು ಮಾಡಿದಂತಾಗುವುದು. ಸಾಹಿತ್ಯವಿಭಾಗಗಳಲ್ಲಿ ಶಾಸನಪಠನ, ಗ್ರಂಥಸಂಪಾದನೆ, ಛಂದಸ್ಸು, ಹಸ್ತಪ್ರತಿಶೋಧನೆ, ಅನುವಾದ ಮೊದಲಾದ ಬೇರೆ ಬೇರೆ ಸಾಧನೆಗಳಿಗೆ ದತ್ತಿಗಳನ್ನು ಹಂಚಿದರೆ ಹೆಚ್ಚು ಫಲವುಂಟು. ವೇತನವು ಬಡವರಾದ ವಿದ್ಯಾರ್ಥಿಗಳಿಗೆಂದು ಇದ್ದರೆ, ಬಡತನವನ್ನು ನಿರ್ಣಯಿಸುವ ಕ್ರಮವು ಅವರ ಮಾನಕ್ಕೆ ಕುಂದುಬಾರದಂತೆ ಇರಬೇಕು.

ಮೂರನೆಯದು ಸಂಶಯಸ್ಥಳಗಳ ನಿರ್ಣಯ. ಇಬ್ಬರಿಗೆ ಸಮಾಂಕವು ಬಂದರೆ ಹಂಚತಕ್ಕುದೋ, ಇನ್ನೊಂದು ಅಂಶದಿಂದ ನಿರ್ಣಯಿಸತಕ್ಕುದೋ. ಯೋಗ್ಯರು ದೊರೆಯದ ವರ್ಷ ಬಡ್ಡಿಯನ್ನು ಮೂಲಧನಕ್ಕೆ ಸೇರಿಸತಕ್ಕುದೋ, ಮುಂದಿನ ವರ್ಷಕ್ಕೆ ಇಡತಕ್ಕುದೋ. ಇವನ್ನು ಮೊದಲೇ ಬರೆದಿಟ್ಟರೆ ವ್ಯಾಜ್ಯಕ್ಕೆ ಅವಕಾಶವಿಲ್ಲ.

ನಾಲ್ಕನೆಯದು ಆಯ್ಕೆಯ ಅಧಿಕಾರ. ಆಯ್ಕೆಯು ಅಧ್ಯಾಪಕರ ಮಂಡಲಿಗೆ ಸೇರಿರಬೇಕು. ದಾನಿಯಾಗಲಿ ಅವನ ವಂಶೀಯರಾಗಲಿ ಪಾರಿತೋಷಕವನ್ನು ಕೊಡುವ ಸಭೆಗೆ ಬಂದು ಸಂತೋಷಪಡುವುದು ಯುಕ್ತ. ಪಡೆಯುವವರನ್ನು ಗೊತ್ತುಮಾಡುವುದು ಯುಕ್ತವಲ್ಲ. ಸ್ವತ್ವವನ್ನು ಬಿಟ್ಟ ಮೇಲೆ ಅದರ ಶೇಷವನ್ನೂ ಬಿಡತಕ್ಕುದೇ ದಾನದ ಪೂರ್ಣತೆ.

ಐದನೆಯದು ಮೂಲಧನದ ರಕ್ಷಣೆ. ಒಂದು ಲಕ್ಷ ರೂಪಾಯಿಗೆ ನೂರಕ್ಕೆ ಆರರಂತೆ ಬಡ್ಡಿ ಬಂದು, ಆ ಆರು ಸಾವಿರವನ್ನೂ ಪ್ರತಿವರ್ಷ ಹಂಚುವರೆಂದಿಟ್ಟುಕೊಳ್ಳೋಣ. ಪದಾರ್ಥಗಳ ಬೆಲೆಯು ವರ್ಷಕ್ಕೆ ನೂರಕ್ಕೆ ಐದರಂತೆ ಏರಿದರೆ, ಸುಮಾರು ೧೪ ವರ್ಷಗಳಲ್ಲಿ ಆ ಆರು ಸಾವಿರದ ಬೆಲೆಯು ಅರ್ಧಕ್ಕೆ ಇಳಿಯುವುದು. ಅದರ ಬದಲು ಮೂರು ಸಾವಿರವನ್ನು ಹಂಚಿ ಉಳಿದುದನ್ನು ಮೂಲಧನಕ್ಕೆ ಸೇರಿಸುತ್ತ ಬಂದರೆ, ೨೪ ವರ್ಷಗಳಲ್ಲಿ ಮೂಲಧನವು ಎರಡು ಲಕ್ಷವಾಗುವುದು, ಬಹುಮಾನವೂ ಆರು ಸಾವಿರಕ್ಕೆ ಏರುವುದು. ಬೆಲೆಯ ಏರಿಕೆಯನ್ನು ಇದು ಪೂರ್ಣವಾಗಿ ಸರಿಗಟ್ಟದು. ಆದರೂ ಕ್ಷಯದ ವೇಗವು ಬಹಳ ಮಟ್ಟಿಗೆ ತಗ್ಗುವುದು. ಅಕ್ಷಯನೀವಿಯೆಂಬ ಹೆಸರು ಮೊತ್ತದಲ್ಲಿ ಮಾತ್ರವಲ್ಲದೆ ಫಲದಲ್ಲಿಯೂ ಅನ್ವರ್ಥವಾಗಬೇಕಾದರೆ ಈ ಸಂಯಮವು ಅವಶ್ಯಕ. ಚಿನ್ನದ ಪದಕವೆಂದು ಬರೆಯುವವರು ಚಿನ್ನದ ಬೆಲೆಯು ಏರಿದಾಗ ಏನು ಮಾಡತಕ್ಕುದೆಂಬುದನ್ನೂ ಬರೆಯಬೇಕು. ಸಾಲೋಟಗಿಯವರಂತೆ, ಮೂಲಧನಕ್ಕೆ ಇತರರೂ ಸೇರಿಸಲು ಬಾಗಿಲನ್ನು ತೆರೆದಿಡುವುದು ಇನ್ನೂ ಉತ್ತಮ. ಹಿಂದೆ ಆ ಬಹುಮಾನವನ್ನು ಪಡೆದವರೇ ಇದಕ್ಕೆ ಮೊದಲಿಗರಾಗಬಹುದು.

ಆರನೆಯದು ಪುನರ್ವಿಚಾರ. ಹತ್ತು ವರ್ಷಗಳಿಗೊಮ್ಮೆ ದತ್ತಿಯ ಸ್ಥಿತಿಯನ್ನು ಪರೀಕ್ಷಿಸಿ, ಉದ್ದೇಶವನ್ನು ಕೆಡಿಸದೆ ಸಾಧನಗಳನ್ನು ತಿದ್ದುವ ಅಧಿಕಾರವು ಯಾರಿಗೆ ಸೇರಿದುದೆಂದು ಸ್ಪಷ್ಟವಾಗಿ ಬರೆಯತಕ್ಕುದು. ತಿದ್ದಿದ ಕಾರಣವೂ ದಾಖಲೆಯಲ್ಲಿರಬೇಕು.

೬. ಪಾಲನೆ

ನಮ್ಮ ದಾನಶಾಸನಗಳ ಕೊನೆಯಲ್ಲಿ ಬರುವ ಶ್ಲೋಕಗಳು ಕೊಡುವುದಕ್ಕಿಂತ ಕೊಟ್ಟುದನ್ನು ಕಾಪಾಡುವುದೇ ಹೆಚ್ಚೆಂದು ಸಾರುತ್ತವೆ. ಪರರು ಕೊಟ್ಟುದನ್ನು ಪಾಲಿಸಿದವನಿಗೆ ಕೊಟ್ಟವನಿಗಿಂತ ಅಧಿಕವಾದ ಪುಣ್ಯವನ್ನು ಹೇಳುತ್ತವೆ. ಇದನ್ನು ಕೇವಲ ಶಾಪಾಶೀರ್ವಾದಗಳ ಮಾತೆಂದು ಬಿಡಲಾಗದು. ಕೊಡುವುದು ಒಂದು ದಿನದ ಕೆಲಸ, ಕೊಟ್ಟವನ ಹೆಸರು ಕಲ್ಲಿನಲ್ಲಿ ಉಳಿಯುವುದು; ಪಾಲನೆಯು ನೂರು ವರ್ಷಗಳ ಕೆಲಸ, ಪಾಲಿಸಿದವನ ಹೆಸರು ಎಲ್ಲಿಯೂ ಉಳಿಯುವುದಿಲ್ಲ. ಲೆಕ್ಕದ ಪುಸ್ತಕವನ್ನು ತಪ್ಪದೆ ಬರೆಯುವ ಗುಮಾಸ್ತನು, ಪಠ್ಯಕ್ರಮವನ್ನು ತಿದ್ದುವಾಗ ಆ ಪತ್ರಿಕೆಗೆ ಒಂದು ಪದಕವುಂಟೆಂಬುದನ್ನು ನೆನೆಯುವ ಅಧ್ಯಾಪಕನು, ಯೋಗ್ಯರು ಅರ್ಜಿ ಸಲ್ಲಿಸುವಂತೆ ಪ್ರಕಟನೆಯನ್ನು ಕಾಲಕ್ಕೆ ಸರಿಯಾಗಿ ಹೊರಡಿಸುವ ಅಧಿಕಾರಿ ಇವರೆಲ್ಲರೂ ದತ್ತಿಯ ಪಾಲಕರೇ. ಸಾಹಿತ್ಯದ ಅಧ್ಯಾಪಕರು ತಮ್ಮ ತಮ್ಮ ವಿಭಾಗಗಳಿಗೆ ಸೇರಿದ ದತ್ತಿಗಳ ಪಟ್ಟಿಯನ್ನು ತರಿಸಿ, ಒಂದೊಂದರ ಮೂಲಪತ್ರವನ್ನು ಓದಿ, ಯಾವುದು ಸಜೀವವಾಗಿದೆ, ಯಾವುದಕ್ಕೆ ಪ್ರತಿನಿಧಿಯು ಬೇಕಾಗಿದೆ, ಯಾವುದಕ್ಕೆ ಮೂಲಧನವು ಸಾಲದಾಗಿದೆ ಎಂದು ವಿಂಗಡಿಸಿದರೆ, ಹೊಸ ದಾನಿಗಳನ್ನು ಅರಸುವುದಕ್ಕೆ ಮೊದಲೇ ಎಷ್ಟೋ ವಿದ್ಯಾರ್ಥಿಗಳಿಗೆ ಉಪಕಾರವಾದೀತು.